ನೀರು ಮೇಲಕ್ಕೆ ಹೇಗೆ ಹತ್ತುತ್ತೆ ಟೀಚರ್?

ಜುಲೈ ಮೊದಲ ವಾರ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಹಾಲು ಕುಡಿದು ಒಳಗೆ ಬಂದ ಮಕ್ಕಳಿಗೆಲ್ಲ ಒಂದೇ ಸುದ್ದಿ: "ಹೊಳೆಗೆ ಹೊಸ ನೀರು ಬಂದಿದೆ ಟೀಚರ್, ಕೆಂಪಗೆ." ಗಾಜನೂರಿನ ಅಣೆಕಟ್ಟಿನಲ್ಲಿ ಗೇಟು ತೆಗೆದಿದ್ದಾರೆಂದು ಒಬ್ಬ ಹೇಳಿದ. ತೋಟದ ಅಂಚಿನ ತನಕ ನೀರು ಬಂತೆಂದು ಇನ್ನೊಬ್ಬ.

ನಮ್ಮ ಶಾಲೆ ಇರುವುದು ಕೂಡಲಿಗೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿ. ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗುವ ಕೂಡಲಿ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಶಿಕ್ಷಕರು. ಒಂದರಿಂದ ಮೂರರವರೆಗಿನ ನಲಿ-ಕಲಿ ಮಕ್ಕಳು ಮುಖ್ಯ ಶಿಕ್ಷಕರ ಪಾಲು, ನಾಲ್ಕು ಮತ್ತು ಐದು ನನ್ನ ಪಾಲು. ಎರಡೂ ತರಗತಿ ಸೇರಿ ಹದಿನಾಲ್ಕು ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಭೂಗೋಳ ಅಂತ ಬೇರೆ ವಿಷಯ ಈ ತರಗತಿಗಳಿಗೆ ಇಲ್ಲ, ಪರಿಸರ ಅಧ್ಯಯನದೊಳಗೆ ಅದೂ ಸೇರಿಕೊಂಡಿದೆ. ದಿಕ್ಕು, ನಕಾಶೆ, ನದಿ, ಬೆಟ್ಟ ಎಲ್ಲವೂ ಅಲ್ಲಿಯೇ.

ಹಿಂದಿನ ವಾರವಷ್ಟೇ ನೀರಿನ ಪಾಠ ಮುಗಿಸಿದ್ದೆ. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬುದನ್ನು ತಟ್ಟೆ, ಚೊಂಬು ಹಿಡಿದು ಮಾಡಿ ತೋರಿಸಿದ್ದೆ. ಹೊಸ ನೀರಿನ ಸುದ್ದಿ ಬಂದ ದಿನ ಅದನ್ನು ಬಿಡಬಾರದು ಅನ್ನಿಸಿ, ಗೋಡೆಯ ಮೇಲಿದ್ದ ಕರ್ನಾಟಕದ ಭೂಪಟದ ಹತ್ತಿರ ಹೋಗಿ, ಕೋಲಿನಿಂದ ನಮ್ಮ ಹೊಳೆಯ ದಾರಿ ತೋರಿಸತೊಡಗಿದೆ. ಇಲ್ಲಿ ಗಂಗಾಮೂಲ, ತುಂಗೆ, ಭದ್ರೆ ಹುಟ್ಟುವ ಜಾಗ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಬರುತ್ತಾಳೆ. ಭದ್ರೆ ಲಕ್ಕವಳ್ಳಿ, ಭದ್ರಾವತಿ ದಾಟಿ ಬರುತ್ತಾಳೆ. ಕೂಡಲಿಯಲ್ಲಿ ಸೇರಿ ಹೊನ್ನಾಳಿ, ಹರಿಹರ, ಆಮೇಲೆ ಹೊಸಪೇಟೆ ಅಣೆಕಟ್ಟು, ಹಂಪಿ, ಮಂತ್ರಾಲಯ. ಮಂತ್ರಾಲಯ ಅಂದಕೂಡಲೇ ಇಬ್ಬರು ಮಕ್ಕಳು ಎದ್ದು ನಿಂತರು. ಅಲ್ಲಿಗೆ ಹೋಗಿ ಮಿಂದು ಬಂದವರು. ಅಲ್ಲಿರುವುದೂ ನಮ್ಮ ಹೊಳೆಯೇ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಮಾತು ಕಡಿಮೆಯ ಮಗು. ಬಹಳ ಹೊತ್ತು ತಡೆದು ಕೇಳಿದಳು:

"ಟೀಚರ್, ಹೊನ್ನಾಳಿ ಮೇಲಿದೆ. ನೀರು ಮೇಲಕ್ಕೆ ಹೇಗೆ ಹತ್ತುತ್ತೆ?"

ನಾನು ಭೂಪಟ ನೋಡಿದೆ. ಗಂಗಾಮೂಲ ಕೆಳಗೆ, ಕೂಡಲಿ ಅದರ ಮೇಲೆ, ಹೊನ್ನಾಳಿ ಇನ್ನೂ ಮೇಲೆ, ಹೊಸಪೇಟೆ ಅದಕ್ಕೂ ಮೇಲೆ. ಹಿಂದಿನ ವಾರ ನಾನೇ ಕಲಿಸಿದ್ದನ್ನು ಈ ವಾರ ನನ್ನ ಕೋಲು ಸುಳ್ಳು ಮಾಡುತ್ತಿತ್ತು. "ಅದು ಮೇಲೆ ಅಲ್ಲಮ್ಮ, ಉತ್ತರ" ಅಂದೆ. ಅವಳು ತಲೆಯಾಡಿಸಿದಳು, ಆದರೆ ಮುಖದ ಗಂಟು ಬಿಡಲಿಲ್ಲ. "ಸರಿ, ಉತ್ತರ ಎಲ್ಲಿದೆ, ತೋರಿಸು ನೋಡೋಣ" ಅಂದೆ. ಅವಳು ಬೆರಳೆತ್ತಿ ಮಾಡಿನ ಹಂಚು ತೋರಿಸಿದಳು.

ಒಬ್ಬಳೇ ಇರಬಹುದು ಎಂದುಕೊಂಡು ಎಲ್ಲರನ್ನೂ ಕೇಳಿದೆ. ಹದಿನಾಲ್ಕರಲ್ಲಿ ಒಂಬತ್ತು ಕೈಗಳು ಮಾಡಿನತ್ತ ಹೋದವು. ದಕ್ಷಿಣ ಎಲ್ಲಿ ಅಂದರೆ ನೆಲ ತೋರಿಸಿದರು. ಇಷ್ಟು ವರ್ಷ "ಭೂಪಟದಲ್ಲಿ ಮೇಲೆ ಉತ್ತರ, ಕೆಳಗೆ ದಕ್ಷಿಣ" ಎಂದು ಬಾಯಿಪಾಠ ಮಾಡಿಸುತ್ತ ಬಂದವಳು ನಾನು. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆಯುತ್ತಿದ್ದರು, ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಆ ಮಕ್ಕಳ ಮನಸ್ಸಿನಲ್ಲಿ ಉತ್ತರ ದಿಕ್ಕು ಆಕಾಶದಲ್ಲಿತ್ತು ಎಂಬುದು ನನಗೆ ತಿಳಿದೇ ಇರಲಿಲ್ಲ. ಈಗ ಹೈಸ್ಕೂಲು, ಕಾಲೇಜು ಮುಟ್ಟಿರುವ ಹಿಂದಿನ ಮಕ್ಕಳೆಲ್ಲ ನೆನಪಾದರು. ಅಂದು ನನಗೆ ನಿಜಕ್ಕೂ ಸಂಕಟವಾಯಿತು.

ಆಗಲೇ ಐದನೇ ತರಗತಿಯ ಹುಡುಗನೊಬ್ಬ ಇನ್ನೊಂದು ಮಾತು ಸೇರಿಸಿದ. "ಟೀಚರ್, ಮ್ಯಾಪಲ್ಲಿ ಪೂರ್ವ ಈ ಕಡೆ ಇದೆ" ಎಂದು ಬಲಗೈ ಎತ್ತಿದ. "ಬೆಳಿಗ್ಗೆ ಬಿಸಿಲು ಬರೋದು ಆ ಬಾಗಿಲಿಂದ" ಎಂದು ಎಡಗೈ ಚಾಚಿದ. ಅವನು ಹೇಳಿದ್ದು ಪೂರ್ತಿ ನಿಜ. ನಮ್ಮ ಕೋಣೆಯ ಬಾಗಿಲು ಮೂಡಣಕ್ಕೆ. ಕರಿಹಲಗೆಯೂ ಭೂಪಟವೂ ಇರುವುದು ತೆಂಕಣ ಗೋಡೆಯಲ್ಲಿ. ದಕ್ಷಿಣಕ್ಕೆ ಮುಖ ಮಾಡಿ ಕೂತ ಮಗುವಿಗೆ ಪೂರ್ವ ಎಡಕ್ಕೆ, ಉತ್ತರ ಬೆನ್ನ ಹಿಂದೆ. ಗೋಡೆಯ ಭೂಪಟವೋ ಪೂರ್ವವನ್ನು ಬಲಕ್ಕಿಟ್ಟು ತೋರಿಸುತ್ತದೆ. ಕಣ್ಣಾರೆ ಕಂಡ ಸೂರ್ಯನನ್ನು ನಂಬಬೇಕೋ, ಟೀಚರ್ ತೋರಿಸಿದ ಹಾಳೆಯನ್ನು ನಂಬಬೇಕೋ? ಮಕ್ಕಳು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು.

ಭೂಪಟವನ್ನು ಮೊಳೆಯಿಂದ ಬಿಡಿಸಿದೆ. ಬೆಂಚು ಸರಿಸಿ ಕೋಣೆಯ ನಡುವೆ ನೆಲದ ಮೇಲೆ ಹಾಸಿದೆ. ಬೀದರ್ ಇರುವ ತುದಿಯನ್ನು ಹಿಂದಿನ ಗೋಡೆಯ ಕಡೆಗೆ, ಚಾಮರಾಜನಗರದ ತುದಿಯನ್ನು ಕರಿಹಲಗೆಯ ಕಡೆಗೆ ತಿರುಗಿಸಿದೆ. ಮಕ್ಕಳನ್ನು ಕರಿಹಲಗೆಗೆ ಬೆನ್ನು ಮಾಡಿ ನಿಲ್ಲಿಸಿದೆ. "ಈಗ ಬಾಗಿಲು ಯಾವ ಕಡೆ?" ಬಲಕ್ಕೆ. "ಮ್ಯಾಪಲ್ಲಿ ಪೂರ್ವ?" ಬಲಕ್ಕೆ! ಐದನೇ ತರಗತಿಯ ಹುಡುಗ ಒಮ್ಮೆ ಬಾಗಿಲು, ಒಮ್ಮೆ ಕೋಲಾರ, ಒಮ್ಮೆ ಬಾಗಿಲು ಎಂದು ಮೂರು ಸಲ ನೋಡಿದ.

"ಹೊನ್ನಾಳಿಗೆ ನಿಮ್ಮ ಬಸ್ಸು ಯಾವ ಕಡೆ ಹೋಗುತ್ತೆ?" ಎಲ್ಲರೂ ಹಿಂದಿನ ಗೋಡೆಯತ್ತ ಕೈ ಮಾಡಿದರು. ಆ ಗೋಡೆಯಾಚೆಗೆ ರಸ್ತೆ, ಅದರಾಚೆಗೆ ಗದ್ದೆ. ಭೂಪಟದ ಹೊನ್ನಾಳಿಯೂ ಅತ್ತಲೇ ಇತ್ತು. ಒಂದೂ ಕೈ ಮಾಡಿನ ಕಡೆಗೆ ಹೋಗಲಿಲ್ಲ.

ಇಷ್ಟಕ್ಕೇ ಹೊಳೆಯ ಪ್ರಶ್ನೆ ಮುಗಿದಿರಲಿಲ್ಲ. ನೆಲಕ್ಕೆ ಹಾಸಿದ ಭೂಪಟ ಚಪ್ಪಟೆ. ಹೊಳೆ ಈಗ ಮೇಲಕ್ಕೆ ಹತ್ತುತ್ತಿಲ್ಲ, ಸರಿ, ಇಳಿಯುತ್ತಲೂ ಇಲ್ಲವಲ್ಲ. ಮಕ್ಕಳ ಹಳೆಯ ಪಠ್ಯಪುಸ್ತಕಗಳನ್ನು ತರಿಸಿ, ಕೊಡಗಿನಿಂದ ಬೆಳಗಾವಿಯವರೆಗೆ ಘಟ್ಟದ ಸಾಲಿಗೆ ಭೂಪಟದ ಅಡಿಯಲ್ಲಿ ಜೋಡಿಸಿದೆವು. ಚಿಕ್ಕಮಗಳೂರಿನ ಹತ್ತಿರ ನಾಲ್ಕು ಪುಸ್ತಕ ಹೆಚ್ಚು. ಪಶ್ಚಿಮಕ್ಕೆ ಕಡಿದಾದ ಅಂಚು, ಪೂರ್ವಕ್ಕೆ ಸಣ್ಣ ಇಳಿಜಾರು. ಯಾರದೋ ಜೇಬಿನಿಂದ ಗೋಲಿ ಬಂತು. ಗಂಗಾಮೂಲದ ಹತ್ತಿರ ಇಟ್ಟು ಬಿಟ್ಟರೆ ಗೋಲಿ ಚಿತ್ರದುರ್ಗದ ಮೇಲೆ ಹಾದು ಬಳ್ಳಾರಿಯ ಕಡೆ ಉರುಳಿತು. ನಮ್ಮ ಹೊಳೆಯ ದಾರಿಯನ್ನೇ ಹಿಡಿದು ಹೋಗಲಿಲ್ಲ, ಆದರೆ ಉತ್ತರಕ್ಕೆ, ಪೂರ್ವಕ್ಕೆ ಇಳಿಯಿತು. "ಇಳೀತು, ಇಳೀತು" ಎಂದು ಪ್ರಶ್ನೆ ಕೇಳಿದ ಹುಡುಗಿಯೇ ಮೊದಲು ಕೂಗಿದಳು.

ಎರಡನೇ ಸಲ ಗೋಲಿ ಇಟ್ಟವನ ಕೈ ಒಂದು ಬೆರಳಿನಷ್ಟು ಆಚೆ ಹೋಯಿತು. ಗೋಲಿ ಪುಸ್ತಕದ ಅಂಚಿನಿಂದ ಪಶ್ಚಿಮಕ್ಕೆ ಧುಮುಕಿತು. "ಅಯ್ಯೋ ಟೀಚರ್, ಮಂಗಳೂರಿಗೆ ಹೋಯ್ತು!" ನಾನು ಯೋಜಿಸಿದ್ದ ಯಾವ ಪಾಠಕ್ಕಿಂತಲೂ ಆ ತಪ್ಪಿದ ಗೋಲಿ ಹೆಚ್ಚು ಕಲಿಸಿತು. ತುಂಗೆ, ಭದ್ರೆಯರ ಜೊತೆಗೆ ನೇತ್ರಾವತಿಯೂ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಅವಳು ಪಶ್ಚಿಮಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ನಮ್ಮವಳು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ, ಅಂಗೈ ಅಗಲದ ವ್ಯತ್ಯಾಸಕ್ಕೆ ಎರಡು ಕಡಲು. ಅದನ್ನು ಹೇಳುವಾಗ ನನ್ನ ಗಂಟಲೇ ಕಟ್ಟಿದಂತಾಯಿತು. ಮಕ್ಕಳು ಮಾತ್ರ ಸಾಲು ನಿಂತು ಗೋಲಿ ಬಿಡುತ್ತಿದ್ದರು, ಇದು ತುಂಗೆಗೆ, ಇದು ನೇತ್ರಾವತಿಗೆ ಎಂದು ಮೊದಲೇ ಹೇಳಿ ಬಿಡುತ್ತಿದ್ದರು. ಬಿಸಿಯೂಟದ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಐದನೇ ತರಗತಿಯ ಅದೇ ಹುಡುಗ ಪತ್ರಿಕೆಯ ತುಂಡು ತಂದ. ಮಳೆಗಾಲದಲ್ಲಿ ದಿನವೂ ಬರುವ ಜಲಾಶಯಗಳ ಮಟ್ಟದ ಪಟ್ಟಿ. ಅವನ ಅಪ್ಪ ಭದ್ರಾ ನಾಲೆಯಲ್ಲಿ ಗದ್ದೆಗಳಿಗೆ ನೀರು ಬಿಡುವ ಸೌಡಿ, ಮನೆಯಲ್ಲಿ ಆ ಪಟ್ಟಿ ಓದದೆ ಬೆಳಗಾಗುವುದಿಲ್ಲ. "ಭದ್ರಾ ಡ್ಯಾಂ 186 ಅಡಿ ಅಂತಿದೆ, ಹೊಸಪೇಟೆ ಡ್ಯಾಂ 1633 ಅಡಿ. ಹೊಸಪೇಟೆನೇ ಎತ್ತರ ಅಲ್ವಾ ಟೀಚರ್?" ಗೋಲಿಯಿಂದ ಕಟ್ಟಿದ್ದೆಲ್ಲ ಒಂದು ಅಂಕಿಯಿಂದ ಕುಸಿಯಿತು. ಹುಡುಗಿ ನನ್ನ ಮುಖ ನೋಡಿದಳು. "ನಾಳೆ ಹೇಳ್ತೀನಿ, ನಾನೂ ಕೇಳಿ ತಿಳ್ಕೋಬೇಕು" ಅಂದೆ. ಮಕ್ಕಳ ಮುಂದೆ ಹಾಗೆ ಹೇಳುವುದು ಕಷ್ಟವೇನಲ್ಲ, ಅವರು ಅದನ್ನು ಸಹಜವಾಗಿ ತೆಗೆದುಕೊಳ್ಳುತ್ತಾರೆ.

ಸಂಜೆ ಆ ಹುಡುಗನ ಅಪ್ಪನನ್ನೇ ಕೇಳಿದೆ. "ಅದು ಬೇರೆ ಲೆಕ್ಕ ಟೀಚರ್ ಅವರೇ. ಭದ್ರಾದ್ದು ಡ್ಯಾಮಿನ ಬುಡದಿಂದ ಎಣಿಸೋದು. ಹೊಸಪೇಟೆದು ಸಮುದ್ರದಿಂದ" ಅಂದರು. ಸಮುದ್ರದಿಂದ ಅಳೆದರೆ ಭದ್ರೆಯ ತುಂಬಿದ ಮಟ್ಟ 2100 ಅಡಿ ದಾಟುತ್ತದೆ. ಅಲ್ಲಿಂದ 1633ಕ್ಕೆ ಬರುವುದೆಂದರೆ ಇಳಿಯುವುದೇ. ಲಿಂಗನಮಕ್ಕಿಯ 1819 ಅಡಿಯೂ ಸಮುದ್ರದ ಲೆಕ್ಕ. ಕನ್ನಂಬಾಡಿ ಕಟ್ಟೆಯ 124.80 ಅಡಿ ಬುಡದ ಲೆಕ್ಕ. ಒಂದೇ ಪಟ್ಟಿಯಲ್ಲಿ ಎರಡು ಬಗೆಯ ಅಳತೆಯನ್ನು ಅಕ್ಕಪಕ್ಕ ಅಚ್ಚು ಹಾಕಿ, ಏನೂ ವಿವರ ಕೊಡದೆ ಬಿಡುವುದು ಸರಿಯಲ್ಲ. ನಮ್ಮ ಮಕ್ಕಳಂತೆ ಓದುವವರೂ ಇರುತ್ತಾರೆ.

ಮಕ್ಕಳಿಗೆ ಹೇಳುವಾಗ ಆ ಹುಡುಗನನ್ನು ಜಗುಲಿಯ ಮೇಲೆ, ಅವನಿಗಿಂತ ಎತ್ತರದ ಇನ್ನೊಬ್ಬನನ್ನು ಅಂಗಳದಲ್ಲಿ ನಿಲ್ಲಿಸಿದೆ. ಕಾಲಿನಿಂದ ಅಳೆದರೆ ಯಾರು ಎತ್ತರ, ಅಂಗಳದಿಂದ ಅಳೆದರೆ ಯಾರ ತಲೆ ಎತ್ತರ? ಎರಡು ನಿಮಿಷದಲ್ಲಿ ಮುಗಿಯಿತು.

ಉತ್ತರವನ್ನು ಮೇಲೆ ಬರೆಯುವುದು ಬರೀ ಒಂದು ರೂಢಿ. 1154ರಲ್ಲಿ ಸಿಸಿಲಿಯ ದೊರೆಗಾಗಿ ಅರಬ್ ಭೂಗೋಳಜ್ಞ ಅಲ್-ಇದ್ರೀಸಿ ಮಾಡಿದ ಭೂಪಟದಲ್ಲಿ ದಕ್ಷಿಣವೇ ಮೇಲಿದೆ. ಯುರೋಪಿನ ಹಳೆಯ ಕ್ರೈಸ್ತ ಭೂಪಟಗಳು ಎಷ್ಟೋ ಪೂರ್ವವನ್ನು ಮೇಲಿಟ್ಟವು. ಇದನ್ನು ಮಕ್ಕಳಿಗೆ ಹೇಳಿದ ಮೇಲೆ, ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಬರೆಯಿರಿ ಅಂದೆ. ಹೆಚ್ಚಿನವರು ತಮ್ಮ ಮನೆಯನ್ನೇ ಹಾಳೆಯ ನೆತ್ತಿಯಲ್ಲಿಟ್ಟರು. ಮುಂಚೆಯಾಗಿದ್ದರೆ ತಪ್ಪೆಂದು ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ಹಾಳೆಯನ್ನು ನೆಲದ ಮೇಲಿಟ್ಟು, ನಿಜವಾದ ದಾರಿಗೆ ಸರಿಹೊಂದುವಂತೆ ತಿರುಗಿಸಲು ಹೇಳಿದೆ. ತಿರುಗಿಸಿದ ಮೇಲೆ ಉತ್ತರ ಎಲ್ಲಿ ಬಂತೋ ಅಲ್ಲಿ ಬಾಣದ ಗುರುತು. ಹದಿನಾಲ್ಕು ಹಾಳೆಯ ಬಾಣಗಳೂ ಹಿಂದಿನ ಗೋಡೆಯತ್ತಲೇ ನೋಡುತ್ತಿದ್ದವು.

ಒಂದು ಮಗುವಿನ ಹಾಳೆಯಲ್ಲಿ "ಮೂಡ್ಲ ಗದ್ದೆ" ಎಂದು ಬರೆದಿತ್ತು. ಅಜ್ಜ ಹಾಗೆ ಕರೆಯುತ್ತಾರಂತೆ. ಪಡುವ್ಲ ಗದ್ದೆಯೂ ಇದೆಯಂತೆ. ಮನೆಯ ಮಾತಿನಲ್ಲಿ ದಿಕ್ಕುಗಳು ಹೀಗೆ ನೆಲಕ್ಕೆ ಅಂಟಿಕೊಂಡೇ ಇವೆ, ಪಠ್ಯದ ಪೂರ್ವ-ಪಶ್ಚಿಮಕ್ಕೂ ಅವಕ್ಕೂ ನಾನು ಗಂಟು ಹಾಕಿರಲಿಲ್ಲ ಅಷ್ಟೇ. ಆ ದಿನ ಕರಿಹಲಗೆಯ ಮೇಲೆ ಮೂಡಣ, ಪಡುವಣ, ಬಡಗಣ, ತೆಂಕಣ ಎಂದು ಬರೆದೆ. ಬಡಗುತಿಟ್ಟಿನ ಯಕ್ಷಗಾನ ನೋಡಿದ್ದ ಹುಡುಗನಿಗೆ ಆ ಹೆಸರಿನ ಅರ್ಥ ಆಗ ತಿಳಿಯಿತು.

ಎರಡು ವಾರದ ನಂತರ ಒಂದು ಮಧ್ಯಾಹ್ನ ಭೂಪಟವಿಲ್ಲದೆ, ಹೊರಗಿನ ಜಗುಲಿಯಲ್ಲಿ, ಉತ್ತರ ಎಲ್ಲಿ ಎಂದು ಮತ್ತೆ ಕೇಳಿದೆ. ಹದಿಮೂರು ಕೈಗಳು ಹೊನ್ನಾಳಿಯ ರಸ್ತೆಯ ಕಡೆ. ಮೊದಲು ಪ್ರಶ್ನೆ ಕೇಳಿದ ಹುಡುಗಿಯ ಬೆರಳು ಮಾತ್ರ ಅರ್ಧ ಮೇಲೆದ್ದು ನಿಂತಿತ್ತು, ಮೋಡಕ್ಕೂ ರಸ್ತೆಗೂ ನಡುವೆ. ನಾನು ತಿದ್ದಲಿಲ್ಲ. ಮಳೆ ಸುರಿಯುತ್ತಿತ್ತು, ಅಂಗಳದ ನೀರೆಲ್ಲ ಒಟ್ಟಾಗಿ ಕಾಂಪೌಂಡಿನ ಕಂಡಿಯಿಂದ ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಅವಳು ಜಗುಲಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಮಾವಿನೆಲೆಯನ್ನು ಆ ನೀರಿಗೆ ಬಿಟ್ಟಳು. ಎಲೆ ಕಂಡಿಯ ತನಕ ಹೋಯಿತು. ಅವಳ ಬೆರಳು ಎಲೆಯನ್ನೇ ಹಿಂಬಾಲಿಸಿ ಮೆಲ್ಲಗೆ ಕೆಳಗಿಳಿಯಿತು.

"ಹೊನ್ನಾಳಿಗಾ ಟೀಚರ್?" ಅಂದಳು.