ಶಂಖದ ಬಳೆ

ಇಂದು ಬೆಳಿಗ್ಗೆ ಸಿಂಧನೂರಿನ ಮಾರುಕಟ್ಟೆಯಲ್ಲಿ ಮೀನು ತೂಗುತ್ತಿದ್ದ ಅಜ್ಜಿಯ ಕೈಯಲ್ಲಿ ಬಿಳಿಯ ಶಂಖದ ಬಳೆಗಳಿದ್ದವು. ಒಂದು ಬಿರುಕು ಬಿಟ್ಟಿತ್ತು. ಅದಕ್ಕೆ ಕೆಂಪು ದಾರ ಸುತ್ತಿದ್ದರು. ನಿರಾಶ್ರಿತರ ಕ್ಯಾಂಪಿನವರು, ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದವರು.

ಪಕ್ಕದಲ್ಲಿ ಯಾರದೋ ಮೊಬೈಲಿನಲ್ಲಿ ಯುದ್ಧದ ಸುದ್ದಿ ಜೋರಾಗಿ ಕೇಳಿಸುತ್ತಿತ್ತು. ಪರದೇಶದ ಜಗಳಕ್ಕೆ ಸೈನ್ಯ ಇಳಿಸುವುದು ಮೂರ್ಖತನವೆಂದು ವಾದಿಸುತ್ತಲೇ ಬಂದ ನಾನು ಆ ಬಳೆಯ ಮುಂದೆ ಸುಮ್ಮನಾದೆ. 1971ರಲ್ಲಿ ಅಲ್ಲಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ಮೇಲೂ ಅದು ಪಾಕಿಸ್ತಾನದ ಮನೆಯ ವಿಷಯವೆಂದು ಭಾರತ ಕೈಕಟ್ಟಿ ಕುಳಿತಿದ್ದರೆ ಏನಾಗುತ್ತಿತ್ತು? ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿಯಿತು. ಮರುವರ್ಷದ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಮರಳಿ ಬಂತು. ಗೆದ್ದದ್ದಕ್ಕಿಂತ ಹೀಗೆ ಮರಳಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ 1987ರಲ್ಲಿ ಶಾಂತಿ ಕಾಯಲೆಂದು ಶ್ರೀಲಂಕಾಕ್ಕೆ ಹೋದ ಅದೇ ಸೈನ್ಯ, ನಿಶ್ಶಸ್ತ್ರಗೊಳಿಸಬೇಕಿದ್ದ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇಯೊಂದಿಗೇ ಕಾದಾಡಿ, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರಲ್ಲಿ ಹಿಂದಿರುಗಿತು. 2011ರಲ್ಲಿ ನ್ಯಾಟೊ ಬಾಂಬು ಸುರಿಸಿದ ಲಿಬಿಯಾದಲ್ಲಿ ಸರ್ವಾಧಿಕಾರಿ ಗಡಾಫಿ ಹೋದ, ನೆಮ್ಮದಿ ಬರಲಿಲ್ಲ. ಹಾಗೆಂದು ದೂರ ನಿಂತವರ ಕೈಯೂ ಶುದ್ಧವಲ್ಲ: 1994ರ ರುವಾಂಡಾದಲ್ಲಿ ಹತ್ಯಾಕಾಂಡ ನಡೆಯುತ್ತಿರುವಾಗಲೇ ವಿಶ್ವಸಂಸ್ಥೆ ತನ್ನ ಪಡೆಯನ್ನು ಕಡಿತಗೊಳಿಸಿತು.

“ಆಗ ನಮ್ಮ ಸೈನ್ಯ ಗೆದ್ದಾಗ ಖುಷಿ ಆಗಿತ್ತೇನಜ್ಜಿ?” ಎಂದು ಕೇಳಿದೆ.

“ಆಗಿತ್ತಪಾ. ಆದ್ರ ಊರಿಗೆ ಹೋಗ್ಲಿಲ್ಲ” ಎಂದು ಅಜ್ಜಿ ಕಾಟ್ಲಾ ಮೀನನ್ನು ನನ್ನ ಚೀಲಕ್ಕೆ ಹಾಕಿ, ಮುಂದಿನವರ ಕಡೆ ತಿರುಗಿದರು.