ಮಾಳಿಗೆ ಮನೆ, ಕಲ್ಲಿನ ಕ್ವಾರಿ ಮತ್ತು ಕಂಪನ ಮಾಪಕ: ಈವರೆಗಿನ ಕೆಲಸ

ಗದಗ–ಮುಂಡರಗಿ ದಾರಿಯ ಬದಿಯ ನಮ್ಮ ಊರಿನಲ್ಲಿ, ಕ್ವಾರಿಯ ಕುಳಿಗಳಲ್ಲಿ ಮದ್ದು ಸಿಡಿಸಿದಾಗ ಹಳೆಯ ಮನೆಗಳು ಎಷ್ಟು ಅದುರುತ್ತವೆ ಎಂಬುದನ್ನು ಅಳತೆ ಮಾಡಿಯೇ ಹೇಳಬೇಕೆಂದು ಕೈಗೆತ್ತಿಕೊಂಡ ಕೆಲಸ ಈಗ ಒಂದು ಹಂತ ತಲುಪಿದೆ. ಕಂಪನ ಮಾಪಕ ಸಿದ್ಧವಾಗಿದೆ. ಕ್ವಾರಿಯಿಂದ ಸುಮಾರು 600 ಮೀಟರ್ ದೂರದ ನಮ್ಮ ಮಾಳಿಗೆ ಮನೆಯ (ಮಣ್ಣಿನ ಚಪ್ಪಟೆ ಚಾವಣಿಯ ಹಳೆಯ ಮನೆ) ಅಡಿಪಾಯದ ಪಕ್ಕದಲ್ಲಿ ಅದನ್ನು ಹೂಳಿಟ್ಟಿದ್ದೇನೆ.

ಮಾಪಕದಲ್ಲಿ ಬಳಸಿರುವುದು ಎಸ್‌ಎಂ-24 ಜಿಯೋಫೋನ್, ಅಂದರೆ ನೆಲದ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಸಾಧನ. ಸೆಕೆಂಡಿಗೆ 5 ಮಿ.ಮೀ. ವೇಗದ ಅಲುಗಾಟಕ್ಕೆ ಅದು 144 ಮಿಲಿವೋಲ್ಟ್ ಕೊಡುವುದರಿಂದ, ಆ ವಿದ್ಯುತ್ತನ್ನು ಅಂಕಿಯಾಗಿಸುವ ಎಡಿಎಸ್‌1115 ಚಿಪ್ಪಿನ 0.512 ವೋಲ್ಟ್ ವ್ಯಾಪ್ತಿ ನಮ್ಮ ಅಗತ್ಯಕ್ಕೆ ಸಾಕಾಗುತ್ತದೆ. ಆದರೆ ಈ ಜಿಯೋಫೋನಿನ ಸಹಜ ಆವರ್ತನ 10 ಹರ್ಟ್ಜ್, ಅಂದರೆ ಸೆಕೆಂಡಿಗೆ 10 ಸಲದ ಅಲುಗಾಟ. ಅದಕ್ಕಿಂತ ಕೆಳಗೆ ಇಳಿದಂತೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಟ್ಟಡಕ್ಕೆ ಹೆಚ್ಚು ಅಪಾಯ ತರುವುದು ಆ ನಿಧಾನದ ಕಂಪನವೇ ಆದ್ದರಿಂದ, ಆ ಕೊರತೆಯನ್ನು ಪ್ರೋಗ್ರಾಮಿನಲ್ಲಿ ಸರಿದೂಗಿಸುವ ಭಾಗವನ್ನು ಬರೆದು ಮುಗಿಸುವವರೆಗೆ ಯಾವ ಅಂಕಿಯನ್ನೂ ಊರಿನವರಿಗೆ ತೋರಿಸಲಿಲ್ಲ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿ ಮಾಲೀಕರಿಗೆ ಸೇರದ ವಾಸದ ಮನೆಗಳಿಗೆ ಕಂಪನದ ಮಿತಿ 8 ಹರ್ಟ್ಜ್‌ಗಿಂತ ಕೆಳಗೆ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರವರೆಗೆ 10 ಮಿ.ಮೀ., ಅದಕ್ಕೂ ಮೇಲೆ 15 ಮಿ.ಮೀ. ಐತಿಹಾಸಿಕ ಕಟ್ಟಡಗಳಿಗೆ ಇವೇ ಮಿತಿಗಳು 2, 5 ಮತ್ತು 10 ಮಿ.ಮೀ.ಗೆ ಇಳಿಯುತ್ತವೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇರುವ ಲಕ್ಕುಂಡಿ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ, ಈ ಎರಡನೆಯ ಸಾಲು ನಮಗೆ ಬರೀ ಕಾಗದದ ಮಾತಲ್ಲ.

ನಮ್ಮ ಅಂಗಳದಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 1.8 ಮಿ.ಮೀ., ಆವರ್ತನ 14 ಹರ್ಟ್ಜ್. ಇದು ಮಿತಿಯೊಳಗೇ ಇದೆ. ಆದರೂ ಪಡಸಾಲೆಯ ಮಾಡದಲ್ಲಿ (ಗೋಡೆಯೊಳಗಿನ ಗೂಡು) ಇಟ್ಟ ಹಿತ್ತಾಳೆ ಪಾತ್ರೆಗಳು ಗಲಗಲ ಎನ್ನುವುದನ್ನು ಕೇಳಿ ಎಲ್ಲರೂ ಗಾಬರಿಯಾಗುತ್ತಾರೆ. ಜಿಯೋಫೋನಿನ ಜೊತೆಗೆ ಒಂದು ಮೈಕ್ರೋಫೋನ್ ಸೇರಿಸಿದ ಮೇಲೆ ಇದರ ಕಾರಣ ತಿಳಿಯಿತು. ನೆಲದ ಅಲೆ ಅರ್ಧ ಸೆಕೆಂಡಿನೊಳಗೆ ಬಂದು ಹೋಗುತ್ತದೆ. ಪಾತ್ರೆಗಳು ಅಲುಗುವುದು ಅದಾದ ಮೇಲೆ, ಗಾಳಿಯ ಒತ್ತಡದ ಅಲೆ 600 ಮೀಟರ್ ದಾಟಿ ಬಂದು ಕಿಟಕಿ ಬಾಗಿಲುಗಳನ್ನು ತಟ್ಟಿದಾಗ. ಇದನ್ನು ಬೇರ್ಪಡಿಸದೆ ಕೊಟ್ಟ ದೂರು ನಿಲ್ಲುವುದಿಲ್ಲ.

ಮನೆಯ ಸುತ್ತ ಕಂದಕ ತೋಡಿದರೆ ಕಂಪನ ತಡೆಯಬಹುದೆಂಬ ಸಲಹೆ ಹಲವರಿಂದ ಬಂತು. ಅಮೆರಿಕದ ಎಂಜಿನಿಯರ್ ರಿಚರ್ಡ್ ವುಡ್ಸ್ 1968ರಲ್ಲಿ ಪ್ರಯೋಗ ಮಾಡಿ ತೋರಿಸಿದಂತೆ, ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಯನ್ನು ಕಾಲುಭಾಗಕ್ಕೆ ಇಳಿಸಬೇಕಾದರೆ ಕಂದಕದ ಆಳ ಅಲೆಯುದ್ದದ ಸುಮಾರು 0.6 ಪಟ್ಟು ಇರಬೇಕು. ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ 150 ಮೀಟರ್ ಎಂದು ಹಿಡಿದರೂ, 14 ಹರ್ಟ್ಜ್‌ಗೆ ಅಲೆಯುದ್ದ ಹನ್ನೊಂದು ಮೀಟರ್ ಸಮೀಪಿಸುತ್ತದೆ, ಕಂದಕ ಆರು ಮೀಟರಿಗೂ ಮೀರುತ್ತದೆ. ಎರೆಮಣ್ಣಿನಲ್ಲಿ ಹಳೆಯ ಗೋಡೆಯ ಬುಡಕ್ಕೆ ಅಷ್ಟು ಆಳ ತೋಡುವುದು ಸ್ಫೋಟಕ್ಕಿಂತ ಹೆಚ್ಚಿನ ಗಂಡಾಂತರ. ಆ ಯೋಚನೆಯನ್ನು ಕೈಬಿಟ್ಟಿದ್ದೇನೆ.

ನಿಜವಾದ ರಕ್ಷಣೆ ಇರುವುದು ಕುಳಿಯಲ್ಲಿಯೇ. ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕದ ವರ್ಗಮೂಲದಿಂದ ದೂರವನ್ನು ಭಾಗಿಸಿದಾಗ ಬರುವ ಸಂಖ್ಯೆಯೇ ಕಂಪನವನ್ನು ನಿರ್ಧರಿಸುತ್ತದೆ. ಒಟ್ಟು ಮದ್ದು ಎಷ್ಟೇ ಇರಲಿ, ಡಿಲೇ ಡಿಟೊನೇಟರ್ (ತುಸು ತಡೆದು ಮದ್ದು ಸಿಡಿಸುವ ಸಾಧನ) ಬಳಸಿ ಕುಳಿಗಳನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದರ ನಂತರ ಒಂದು ಸಿಡಿಸಿ, ಪ್ರತಿ ಕ್ಷಣದ ಪಾಲನ್ನು ಕಾಲುಭಾಗಕ್ಕೆ ಇಳಿಸಿದರೆ, ಮನೆಯನ್ನು ಎರಡರಷ್ಟು ದೂರಕ್ಕೆ ಸರಿಸಿದಷ್ಟೇ ಫಲ ಸಿಗುತ್ತದೆ. ಸಾಮಾನ್ಯ ನೆಲದಲ್ಲಿ ಕಂಪನ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕ್ವಾರಿಯವರ ಮುಂದೆ ನಾನು ಇಟ್ಟಿರುವ ಒಂದೇ ಬೇಡಿಕೆ ಇದು: ಪ್ರತಿ ಸ್ಫೋಟದ ಡಿಲೇವಾರು ತೂಕವನ್ನು, ಅಂದರೆ ಒಂದೊಂದು ಕ್ಷಣದಲ್ಲಿ ಸಿಡಿದ ಮದ್ದಿನ ತೂಕವನ್ನು, ಬರೆದು ಕೊಡಬೇಕು. ಅದು ಸಿಕ್ಕರೆ ನನ್ನ ದಾಖಲೆಗಳ ಜೊತೆ ಜೋಡಿಸಿ ನಮ್ಮ ನೆಲದ್ದೇ ಸೂತ್ರ ಕಟ್ಟಬಹುದು.

ಇನ್ನು ಗೋಡೆಯ ಮಾತು. ನಮ್ಮದು ಕಲ್ಲು ಮತ್ತು ಕೆಸರಿನ ಗೋಡೆ. ಮೇಲ್ಮುದ್ದೆಯ (ಚಾವಣಿಯ ಮೇಲಿನ ಮಣ್ಣು) ಭಾರವನ್ನು ಕಂಬ, ತೊಲೆ, ಜಂತಿಗಳು ಹೊರುತ್ತವೆ. ಮಾಡದ ಮೇಲ್ಮೂಲೆಯಿಂದ ಓರೆಯಾಗಿ ಏರಿದ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿದ್ದೆ. ಸ್ಫೋಟದ ದಿನಗಳಲ್ಲಿ ಪಟ್ಟಿಗೆ ಏನೂ ಆಗಲಿಲ್ಲ. ಅದು ಸೀಳಿದ್ದು ಬಿರುಬೇಸಗೆಯಲ್ಲಿ, ಹಿತ್ತಲಿನ ಎರೆಮಣ್ಣು ಕೈ ತೂರುವಷ್ಟು ಬಾಯಿಬಿಟ್ಟ ವಾರದಲ್ಲಿ, ಕ್ವಾರಿ ನಿಂತಿದ್ದಾಗ. ಆದ್ದರಿಂದ ನಮ್ಮ ಮನೆಯ ಮಟ್ಟಿಗೆ ಬಿರುಕಿನ ಮೂಲ ಎರೆಮಣ್ಣಿನ ಹಿಗ್ಗುಕುಗ್ಗು ಎಂದೇ ನನ್ನ ನಿರ್ಣಯ. ಆದರೆ ಹೀಗೆ ಮೊದಲೇ ಬಿರುಕು ಬಿಟ್ಟ ಗೋಡೆ ಸಣ್ಣ ಕಂಪನವನ್ನೂ ತಾಳಿಕೊಳ್ಳಲಾರದು; ಕ್ವಾರಿಯ ಹೊಣೆ ಇದರಿಂದ ತೀರುವುದಿಲ್ಲ.

ದುರಸ್ತಿಯನ್ನು ಸಿಮೆಂಟಿನಿಂದ ಮಾಡುವುದಿಲ್ಲ, ಕೆಸರಿನ ಗೋಡೆಯೊಂದಿಗೆ ಅದು ಹೊಂದುವುದಿಲ್ಲ. ಬಿರುಕಿಗೆ ಸುಣ್ಣದ ಗಾರೆ ತುಂಬುವುದು, ಗೋಡೆಯ ಎರಡು ಮೈಗಳನ್ನು ಹಿಡಿಯುವ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಸೇರಿಸುವುದು, ಬಾಗಿಲ ತಲೆಯ ಮಟ್ಟದಲ್ಲಿ ಸುತ್ತಲೂ ಕಟ್ಟಿಗೆಯ ಪಟ್ಟಿ ಬಿಗಿಯುವುದು, ಚಾವಣಿಯ ನೀರು ಬುಡಕ್ಕೆ ಇಳಿಯದಂತೆ ಹಾಸುಗಲ್ಲು ಹಾಕುವುದು ಮಳೆಗಾಲಕ್ಕೆ ಮೊದಲೇ ಆಗಬೇಕು. ಹಾಸುಗಲ್ಲಿನ ಕೆಲಸ ಮುಗಿದಿದೆ. ಪಟ್ಟಿಗೆ ಬೇಕಾದ ಸಾಗವಾನಿಯನ್ನು ಬಡಿಗರು ಕೊಯ್ಯುತ್ತಿದ್ದಾರೆ. ಅದನ್ನು ಬಿಗಿದ ಮೇಲೆ ಎರಡನೆಯ ಜಿಯೋಫೋನನ್ನು ಗೋಡೆಯ ತಲೆಗೆ ಕೂರಿಸಿ, ನೆಲದ ಕಂಪನ ಮೇಲೆ ಹೋಗುವಾಗ ಎಷ್ಟು ಹಿಗ್ಗುತ್ತದೆ ಎಂಬುದನ್ನು ಅಳೆಯಲಿದ್ದೇನೆ.