ಬಿ.ಎಚ್. ರಸ್ತೆಯ ಕೌಂಟರ್‌ಸ್ಟ್ರೈಕ್ ಬಳಗ

ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಕೆಫೆಗಳಲ್ಲಿ ಕೌಂಟರ್‌ಸ್ಟ್ರೈಕ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುತ್ತಿದ್ದ ಹುಡುಗರ ಬಳಗದ ಆರಂಭದ ದಿನಗಳನ್ನು ದಾಖಲಿಸಲು ಹೊರಟರೆ, ಎಲ್ಲರ ನೆನಪೂ 1.6 ಆವೃತ್ತಿಯಿಂದಲೇ ಶುರುವಾಗುತ್ತದೆ. ಆ ಆವೃತ್ತಿ ಬಂದದ್ದು 2003ರಲ್ಲಿ. ಆಟವನ್ನಾದರೋ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು 1999ರಲ್ಲಿಯೇ ‘ಹಾಫ್ ಲೈಫ್’ ಎಂಬ ಇನ್ನೊಂದು ಆಟವನ್ನು ಮಾರ್ಪಡಿಸಿ ಉಚಿತವಾಗಿ ಹಂಚಿದ್ದರು. ಮರುವರ್ಷ ವಾಲ್ವ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು.

ನೆನಪಿಗಿಂತ ಗಟ್ಟಿಯಾದ ಆಕರ ಸಿಕ್ಕಿದ್ದು ಪರಿಚಿತರೊಬ್ಬರ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ, ಆಟ ನಡೆಸುವ ಸರ್ವರ್ ತಾನೇ ಬರೆದಿಟ್ಟ ಲಾಗ್ (ದಾಖಲೆ) ಫೈಲುಗಳ ರೂಪದಲ್ಲಿ. ಯಾರು ಯಾರನ್ನು ಯಾವ ಬಂದೂಕಿನಿಂದ ಹೊಡೆದರೆಂಬುದು ಸೆಕೆಂಡಿನ ಸಮೇತ ಅಲ್ಲಿ ಸಾಲುಸಾಲಾಗಿದೆ. ಆದರೆ ಇಂಟರ್ನೆಟ್ಟಿನ ಹಂಗಿಲ್ಲದೆ, ಕೆಫೆಯೊಳಗಿನ ಕಂಪ್ಯೂಟರುಗಳನ್ನಷ್ಟೇ ಜೋಡಿಸುವ ಲ್ಯಾನ್‌ನಲ್ಲೇ ಆಡುತ್ತಿದ್ದುದರಿಂದ, ಆಟಗಾರನ ಗುರುತಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ಎಲ್ಲರಿಗೂ ‘ಸ್ಟೀಮ್ ಐಡಿ ಲ್ಯಾನ್’ ಎಂಬ ಒಂದೇ ಬರಹವಿದೆ. ಉಳಿಯುವುದು ಅಡ್ಡಹೆಸರು ಮಾತ್ರ. ಅದನ್ನೂ ಪಂದ್ಯದ ನಡುವೆಯೇ ಬದಲಿಸುತ್ತಿದ್ದರು, ಕೆಲವರಂತೂ ಹೆಸರು ಹಾಕುವ ಗೋಜಿಗೇ ಹೋಗದೆ ಬರೀ ‘ಪ್ಲೇಯರ್’ ಆಗಿ ಆಡಿದ್ದಾರೆ. ಕಂಪ್ಯೂಟರ್ ಆರಿಸಿದಾಗಲೂ ಅದರ ಗಡಿಯಾರವನ್ನು ನಡೆಸುವ ಸಿಮಾಸ್ ಬ್ಯಾಟರಿ ಸತ್ತಿದ್ದರೆ ದಿನಾಂಕವೂ ಸುಳ್ಳೇ. ಹಾಗಾಗಿ ಲಾಗ್‌ನ ವೇಳೆಯನ್ನು ಕೆಫೆಯವರು ಗಿರಾಕಿಗಳ ಹೆಸರು, ಸಮಯ ಬರೆಸುತ್ತಿದ್ದ ರಿಜಿಸ್ಟರಿನೊಡನೆ ಹೋಲಿಸಿ ನೋಡದೆ ನಾನು ಯಾರ ಹೆಸರನ್ನೂ ದಾಖಲಿಸುತ್ತಿಲ್ಲ.